ಗಾಳಿ ಹೇಳುವವನು

ಎರಡು ಪ್ರಶ್ನೆ ಕೇಳಿದವಳಿಗೆ ಒಂದೇ ಉತ್ತರ ಕಳಿಸಿದ್ದು ಅವನ ತಪ್ಪು. ಒಂದೇ ಸಲಕ್ಕೆ ಎರಡು ಪ್ರಶ್ನೆ ಕೇಳಿದ್ದು ಅವಳ ತಪ್ಪು. ಆದರೆ ಮೂಗಿನ ತುದಿಯ ಚರ್ಮ ಸುಲಿದುಕೊಂಡವಳು ಅವಳಾದ್ದರಿಂದ ಜಗಳಕ್ಕೆ ಬರುವ ಹಕ್ಕೂ ಅವಳದೇ ಆಯಿತು.

ನಡೆದದ್ದು ಇಷ್ಟು. ಅವನು ಹವಾಮಾನ ಹೇಳುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಕ್ರೇನ್ ನಡೆಸುವವರು, ಮೀನು ಹಿಡಿಯುವವರು, ಬಯಲಿನಲ್ಲಿ ಸಿನಿಮಾ ತೆಗೆಯುವವರು ಅವರ ಗಿರಾಕಿಗಳು. ಆ ವರ್ಷ ಒಬ್ಬ ವಿಚಿತ್ರ ಗಿರಾಕಿ ಸೇರಿದ್ದಳು. ಹಿಮಪರ್ವತಗಳನ್ನು ಜೊತೆಗಾರರಿಲ್ಲದೆ, ಹೊರೆ ಹೊರುವವರಿಲ್ಲದೆ, ಆಕ್ಸಿಜನ್ ಸಿಲಿಂಡರ್ ಕೂಡ ಇಲ್ಲದೆ ಒಬ್ಬಳೇ ಹತ್ತುವವಳು. ಅವಳ ಬಳಿ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಸ್ಯಾಟಲೈಟ್ ಯಂತ್ರವಿತ್ತು. ಅದಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು, ಅದೂ ಒಂದು ಸಲಕ್ಕೆ ನೂರ ಅರವತ್ತು. ಟೈಪ್ ಮಾಡಲು ಮೈನಸ್ ಇಪ್ಪತ್ತೈದು ಡಿಗ್ರಿ ಚಳಿಯಲ್ಲಿ ಕೈಗವಸು ಬಿಚ್ಚಬೇಕು. ಹಾಗಾಗಿ ಇಬ್ಬರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು, ಅಕ್ಷರ ಎಣಿಸಿ.

ಆರೂವರೆ ಸಾವಿರ ಮೀಟರಿನ ಒಂದು ಶಿಖರದ ಕೆಳಗೆ ಟೆಂಟಿನಲ್ಲಿ ಕೂತು ಅವಳು ಕೇಳಿದ್ದಳು: "ನಾಳೆ ಆಕಾಶ ಎಷ್ಟು ಗಂಟೆ ತನಕ ಸರಿ ಇರುತ್ತೆ? ಹತ್ತಲಾ, ಇಳಿಯಲಾ?"

ಅವನು ಮೊದಲ ಪ್ರಶ್ನೆಗೆ ಉತ್ತರ ಬರೆದ: "ಹತ್ತು."

ಅವಳು ಎರಡನೆಯ ಪ್ರಶ್ನೆಗೆ ಉತ್ತರ ಓದಿಕೊಂಡಳು. ಹತ್ತಿದಳು.

ಬೆಳಿಗ್ಗೆ ಹತ್ತು ದಾಟಿ ಐದು ನಿಮಿಷಕ್ಕೆ ಅವಳಿದ್ದ ಕಡಿದಾದ ಏಣಿನ ಮೇಲೆ ಆಕಾಶ ಮುರಿದು ಬಿತ್ತು. ಹಿಮದಲ್ಲಿ ಮೊಲದ ಹಾಗೆ ಬಿಲ ತೋಡಿಕೊಂಡು, ಬ್ಯಾಗನ್ನು ತಬ್ಬಿಕೊಂಡು, ಐದು ಗಂಟೆ ಹೊತ್ತು ಕೂತಿದ್ದಳು. ಆ ಐದು ಗಂಟೆ ಅವಳನ್ನು ಬೆಚ್ಚಗಿಟ್ಟದ್ದು ಒಂದೇ: "ಹತ್ತು" ಅಂದವನನ್ನು ಹುಡುಕಿಕೊಂಡು ಹೋಗಿ ಏನೇನು ಅನ್ನಬೇಕು ಎಂಬ ಪಟ್ಟಿ.

ಎಂಟನೇ ದಿನ ಅವಳು ಆ ಪಟ್ಟಿ ಸಮೇತ ಆಫೀಸಿಗೆ ಬಂದಾಗ ಅವನು ತಾರಸಿಯ ಮೇಲಿದ್ದ. ಏಳನೇ ಮಹಡಿಯ ಆಫೀಸು, ಅದರ ಮೇಲೆ ತಾರಸಿ, ತಾರಸಿಯ ಮೇಲೆ ಕಂಬ, ಕಂಬದ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು. ಅವು ಕಚ್ಚಿಕೊಂಡು ನಿಂತಿದ್ದವು. ಏಣಿಯ ಮೇಲೆ ನಿಂತು ಅವಕ್ಕೆ ಎಣ್ಣೆ ಬಿಡುತ್ತಿದ್ದವರು ಪಕ್ಕದ ಟೇಬಲ್ಲಿನ ಮೇಡಂ, ನಿವೃತ್ತಿಗೆ ಎರಡು ವರ್ಷ ಇದ್ದವರು. ಅವನು ಕೆಳಗೆ ಏಣಿ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದ.

"ಹತ್ತು ಅಂದೋರು ಯಾರು ಇಲ್ಲಿ?" ಹಿಂದಿನಿಂದ ದನಿ ಬಂತು.

ಅವನು ಕಣ್ಣು ತೆರೆದ. ಸುಲಿದ ಕೆಂಪು ಮೂಗು. ಅದರ ಮೇಲೆ, ಕಪ್ಪು ಕನ್ನಡಕ ಹಾಕುವ ಜಾಗದಲ್ಲಿ ಮಾತ್ರ ಬೆಳ್ಳಗೆ ಉಳಿದ ಎರಡು ಗುಂಡು. ಆ ಗುಂಡುಗಳ ಒಳಗೆ ಉರಿಯುತ್ತಿದ್ದ ಎರಡು ಕಣ್ಣು.

"ನಾನು... ನಾನಂದಿದ್ದು ಹತ್ತು ಗಂಟೆ ಅಂತ."

"ಗಂಟೆ ಎಲ್ಲಿತ್ತು?"

"ಮೆಸೇಜಲ್ಲಿ ಇರಲಿಲ್ಲ. ಮನಸ್ಸಲ್ಲಿತ್ತು."

"ನಿಮ್ಮ ಮನಸ್ಸಿಗೆ ಸಿಗ್ನಲ್ ಇಲ್ಲ ಸ್ವಾಮಿ, ನನ್ನ ಟೆಂಟಿಗೆ ಬರಲಿಲ್ಲ!"

ಮೇಲಿನಿಂದ ಮೇಡಂ ಕೂಗಿದರು: "ಏನ್ರೀ ಮೋಡಪ್ಪ, ಏಣಿ ಯಾಕೆ ನಡುಗ್ತಿದೆ? ಜಗಳ ಆಮೇಲೆ ಆಡಿ. ಮೊದಲು ಒಂದೇ ಒಂದು ಮೆಟ್ಟಿಲು ಹತ್ತಿ ಈ ಸ್ಪ್ಯಾನರ್ ತಗೊಳ್ಳಿ."

ಮೋಡಪ್ಪ ಎಂಬುದು ಆಫೀಸು ಅವನಿಗಿಟ್ಟ ಹೆಸರು. ಅವನು ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ಕೆಳಗೆ ನೋಡಿದ. ನೆಲದಿಂದ ಒಂದು ಗೇಣು. ಮುಖದ ಬಣ್ಣ ಇಳಿದುಹೋಯಿತು. ಕಾಲು ತೆಗೆದ.

"ನಿಮಗೆ ಎತ್ತರ ಅಂದ್ರೆ ಭಯಾನಾ?" ಅವಳು ಕೇಳಿದಳು.

"ಭಯ ಅಂತಲ್ಲ. ಗೌರವ."

ಪಟ್ಟಿಯಲ್ಲಿದ್ದ ಹದಿನೇಳು ಬೈಗುಳಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ನಗು ಬಂತು. ನಕ್ಕರೆ ಒಡೆದ ತುಟಿ ಉರಿಯುತ್ತಿತ್ತು. ಹಾಗಾಗಿ ಬಾಯಿಗೆ ಕೈ ಅಡ್ಡ ಹಿಡಿದು "ಅಯ್ಯೋ, ನಗಿಸ್ಬೇಡ್ರಿ, ನೋಯುತ್ತೆ" ಎನ್ನುತ್ತಾ, ಸ್ಪ್ಯಾನರನ್ನು ತಾನೇ ಹತ್ತಿ ಇಸಿದುಕೊಂಡಳು.

*

ಮರುದಿನ ಒಂದು ನೋಟ್‌ಬುಕ್ ಹಿಡಿದು ಬಂದಳು. ಕ್ಯಾಂಟೀನಿನಲ್ಲಿ ಎದುರುಬದುರು ಕೂತರು. ಪರ್ವತದ ಮೇಲೆ ಬೇಕಾಗುವ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು, ಎರಡು ಅರ್ಥ ಕೊಡುವವನ್ನು ಆಚೆ ಹಾಕುವುದು ಕೆಲಸ.

"ಗಂಟೆ ಆದ್ರೆ ಅಂಕಿ ಹಾಕಿ. ಮೇಲೆ ಹೋಗೋದಕ್ಕೆ ಏರು. ಹತ್ತು ಅನ್ನೋದು ಇವತ್ತಿಂದ ಸತ್ತುಹೋಯ್ತು."

"ಇಳಿ?"

ಅವಳು ಇಂಗ್ಲಿಷಿನಲ್ಲಿ ಬರೆದು ನೋಡಿದಳು. ಐ, ಎಲ್, ಐ. "ಇದು ಇಲಿ."

"ಹಿಮದ ಮೇಲೆ ಇಲಿ ಎಲ್ಲಿಂದ ಬರುತ್ತೆ?"

"ಬೇಸ್ ಕ್ಯಾಂಪಲ್ಲಿ ನನ್ನ ಬಿಸ್ಕೆಟ್ ತಿಂದಿದ್ದು ಯಾರು ಮತ್ತೆ? ನೀವು ಇಳಿ ಅಂದ್ರೆ ನಾನು ದೊಣ್ಣೆ ಹುಡುಕ್ತೀನಿ ಅಷ್ಟೆ."

"ಟೆಂಟ್ ಹಾಳು ಅಂತ ನೀವು ಬರೆದ್ರೆ ಅದು ಹಾಲು ಆಗುತ್ತೆ. ಕಾಯಿಸಿ ಕುಡೀರಿ ಅಂತ ನಾನು ಉತ್ತರ ಕಳಿಸ್ತೀನಿ."

"ಕಲ್ಲು ಬೀಳ್ತಿದೆ?"

"ಅದು ಕಳ್ಳು." ಅವನು ಗಂಭೀರವಾಗಿ ಹೇಳಿದ. "ಹಾಗೆ ಬೀಳೋದಾದ್ರೆ ನಾನೂ ಮೇಲೆ ಬರ್ತೀನಿ."

ಆಮೇಲೆ ತಾನೇ ಬೆಚ್ಚಿಬಿದ್ದ. ಹನ್ನೊಂದು ವರ್ಷದ ನೌಕರಿಯಲ್ಲಿ ಗಿರಾಕಿಯ ಜೊತೆ ಮಾಡಿದ ಮೊದಲ ತಮಾಷೆ ಅದು. ಅವಳು ಪೆನ್ನಿನ ತುದಿ ಕಚ್ಚಿಕೊಂಡು ಅವನನ್ನು ಒಮ್ಮೆ ನೋಡಿದಳು. ಗಿರಾಕಿಯ ನೋಟವಲ್ಲ. ಹೊಸ ಬೆಟ್ಟವೊಂದರಲ್ಲಿ ಕಾಲಿಡಲು ಎಲ್ಲಿ ಜಾಗವಿದೆ ಎಂದು ಹುಡುಕುವವರ ನೋಟ.

"ಇನ್ನೊಂದು ನಿಯಮ," ಎಂದಳು. "ಹೋಗಲಾ ಬರಲಾ ಅಂತ ನಾನು ಇನ್ನು ಕೇಳೋದೇ ಇಲ್ಲ. ಗಾಳಿ ಎಷ್ಟು, ಎಷ್ಟು ಗಂಟೆ ತನಕ, ಇಷ್ಟೇ ಹೇಳಿ. ಹೋಗೋದು ಬರೋದು ನನ್ನ ಕಾಲಿಗೆ ಬಿಟ್ಟಿದ್ದು. ನೀವು ಹೇಳಿದ ಅಂಕಿಯನ್ನ ನಾನು ಎರಡನೇ ಸಲ ಯೋಚನೆ ಮಾಡಲ್ಲ. ಅಲ್ಲಿ ಯೋಚನೆ ಮಾಡೋಕೆ ಉಸಿರೇ ಇರಲ್ಲ."

"ಒಬ್ಬರೇ ಯಾಕೆ ಹೋಗ್ತೀರಿ?"

"ಜೊತೆಗೆ ಬಂದೋರು ಗೊರಕೆ ಹೊಡೀತಾರೆ."

ಅವನು ನಂಬಲಿಲ್ಲ. ಕಾಯುತ್ತಾ ಕೂತ. ಕಾಯುವುದು ಅವನಿಗೆ ಬರುತ್ತಿತ್ತು, ಮೋಡ ನೋಡಿ ರೂಢಿ.

"ಹಗ್ಗದಲ್ಲಿ ಇಬ್ಬರು ಇದ್ರೆ ಒಬ್ಬರು ಜಾರಿದಾಗ ಇನ್ನೊಬ್ಬರೂ ಹೋಗ್ತಾರೆ," ಅವಳು ಟೇಬಲ್ಲಿನ ಮೇಲಿನ ಚಹಾದ ಒದ್ದೆ ಉಂಗುರವನ್ನು ಬೆರಳಲ್ಲಿ ಎಳೆಯುತ್ತಾ ಹೇಳಿದಳು. "ಕೆಳಗೆ ಕಾಯೋರಿದ್ರೂ ಹಾಗೇ. ಅದೂ ಹಗ್ಗಾನೇ, ಕಣ್ಣಿಗೆ ಕಾಣಲ್ಲ ಅಷ್ಟೆ. ಒಂದು ಹೆಜ್ಜೆ ಇಡೋ ಮೊದಲು ಅವರ ಮುಖ ನೆನಪಾದ್ರೆ ಕಾಲು ತಡವರಿಸುತ್ತೆ. ಅಮ್ಮ ಇದ್ದಾಳೆ. ಅಮ್ಮಂದಿರನ್ನ ಬೇಡ ಅನ್ನೋಕಾಗಲ್ಲ. ಅದೊಂದು ಸಾಕು. ಇನ್ನೊಬ್ಬರನ್ನ ಕಟ್ಕೊಳ್ಳಲ್ಲ."

ಅವನು ತಲೆಯಾಡಿಸಿದ. ಇನ್ನು ಮೂರು ತಿಂಗಳಿಗೆ ಅವಳು ಎಂಟು ಸಾವಿರ ಮೀಟರಿನ ಶಿಖರಕ್ಕೆ ಹೊರಡುವವಳು. ಹಿಂದೆ ಎರಡು ಸಲ ಹೋಗಿ ಎರಡು ಸಲವೂ ಗಾಳಿಗೆ ಸೋತು ಬಂದಿದ್ದಳು. ಈಗ ಅವಳಿಗೆ ಬೇಕಾದದ್ದು ಸರಿಯಾದ ಅಂಕಿ. ಅಂಕಿ ಕೊಡುವುದು ಅವನ ಕೆಲಸ. ಅಷ್ಟೇ ತಾನೆ ಎಂದು ತನಗೇ ಹೇಳಿಕೊಂಡ. ಅವನ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು.

*

ಊರಲ್ಲಿದ್ದಾಗ ಅವಳು ಹೊಟ್ಟೆಪಾಡಿಗೆ ಎತ್ತರದ ಕಟ್ಟಡಗಳ ಗಾಜು ತೊಳೆಯುತ್ತಾಳೆಂಬುದು ಅವನಿಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಏಳನೇ ಮಹಡಿಯ ಕಿಟಕಿಯನ್ನು ಯಾರೋ ಹೊರಗಿನಿಂದ ತಟ್ಟಿದಾಗ.

ಹವಾಮಾನ ಹೇಳುವವನಾದರೂ ಅವನು ಕಿಟಕಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ತಿರುಗಿ ನೋಡಿದರೆ ಹಗ್ಗದಲ್ಲಿ ನೇತಾಡುತ್ತಾ ಅವಳು! ಸೊಂಟಕ್ಕೊಂದು ಬಕೆಟ್. ಸೋಪಿನ ನೊರೆಯಲ್ಲಿ ಗಾಜಿನ ಮೇಲೆ ಬೆರಳಿಂದ ಏನೋ ಬರೆಯುತ್ತಿದ್ದಾಳೆ. ಹೊರಗಿನಿಂದ ಬರೆದದ್ದು ಒಳಗೆ ಉಲ್ಟಾ.

"ಮೇಡಂ, ಏನು ಬರೆದಿದ್ದಾರೆ?"

"ನಿಮಗೆ ಬರೆದಿರೋದು, ನೀವೇ ಓದ್ಕೊಳ್ಳಿ," ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಅವನು ಬೀರುವನ್ನು ಹಿಡಿದ. ಬೀರುವಿನಿಂದ ಕುರ್ಚಿಗೆ ಬಂದ. ಕುರ್ಚಿಯಿಂದ ಕಿಟಕಿಯ ಚೌಕಟ್ಟಿಗೆ, ತೊಟ್ಟಿಲು ಬಿಟ್ಟು ಮೊದಲ ಸಲ ನಡೆಯುವ ಮಗುವಿನ ಹಾಗೆ. ಅವಳು ಹೊರಗೆ ಸುಮ್ಮನೆ ತೂಗುತ್ತಾ, ಅವನ ಒಂದೊಂದು ಹೆಜ್ಜೆಗೂ ಹುಬ್ಬು ಏರಿಸಿ ಶಭಾಷ್ ಎನ್ನುತ್ತಿದ್ದಳು. ಹತ್ತಿರ ಹೋಗುವಷ್ಟರಲ್ಲಿ ನೊರೆ ಸೋರತೊಡಗಿತ್ತು. ಕತ್ತು ತಿರುಚಿ ಓದಿದ: "ಇವತ್ತು ಮಳೆ ಬರುತ್ತಾ?"

ಕೆಲಸದ ಪ್ರಶ್ನೆ. ಅವನಿಗೆ ಧೈರ್ಯ ಬಂತು. ಕಾಗದದ ಮೇಲೆ ದೊಡ್ಡದಾಗಿ "ಇಲ್ಲ" ಎಂದು ಬರೆದು ಗಾಜಿಗೆ ಒತ್ತಿ ಹಿಡಿದ.

ಕಾಲು ಗಂಟೆಗೆ ಮಳೆ ಬಂತು. ಸಣ್ಣ ಮಳೆಯಲ್ಲ, ಬಕೆಟ್ ಬೋರಲು ಹಾಕಿದಂಥ ಮಳೆ.

ಅವಳು ಅಲ್ಲೇ ನೇತಾಡುತ್ತಾ ತೊಯ್ದಳು. ಕೂದಲು ಹಣೆಗೆ ಅಂಟಿತು. ಕೋಪ ಮಾಡಿಕೊಳ್ಳಲು ಹೋಗಿ, ಆಗದೆ, ಹಣೆಯನ್ನು ಗಾಜಿಗೆ ಆನಿಸಿ ನಕ್ಕಳು. ನಗುವಿನ ಬಿಸಿಗೆ ಗಾಜಿನ ಮೇಲೆ ಉಸಿರಿನ ಮಬ್ಬು ಮೂಡಿ, ಆರಿ, ಮತ್ತೆ ಮೂಡಿತು. ಅವನ ಕೈ ತಾನಾಗಿ ಎದ್ದು ಒಳಗಿನಿಂದ ಆ ಮಬ್ಬಿನ ಮೇಲೆ ಕೂತಿತು. ಅವಳ ನಗು ನಿಂತಿತು. ಕಣ್ಣುಗಳು ಮಾತ್ರ ನಗುತ್ತಲೇ ಉಳಿದವು.

ಆಗ ಅವನಿಗೆ ಕೆಳಗಿನ ಬೀದಿ ಕಾಣಿಸಿತು. ಬೆಂಕಿಪೆಟ್ಟಿಗೆಯಷ್ಟಾದ ಬಸ್ಸುಗಳು. ಅವನು ಕಿಟಕಿಯ ಕೆಳಗೆ ಕುಸಿದು ಕೂತ.

ಸಂಜೆ ಲಿಫ್ಟಿನ ಬಳಿ ಸಿಕ್ಕಿ, "ಏನಪ್ಪಾ ಮೋಡಪ್ಪ, ಎಲ್ಲಿ ಮಾಯವಾಗ್ಬಿಟ್ಟೆ?" ಎಂದಳು. "ನೀವು" ಎಂಬುದು ಆ ಮಳೆಯಲ್ಲೇ ತೊಳೆದುಹೋಗಿತ್ತು.

ಆ ಕಟ್ಟಡಕ್ಕೆ ಏಳು ಮಹಡಿ. ಏಳನೆಯದರ ಒಂದೇ ಕಿಟಕಿ ತೊಳೆಯಲು ಅವಳು ನಾಲ್ಕು ದಿನ ತೆಗೆದುಕೊಂಡಳು. ಕಡೆಗೆ ಮೇಡಂ ಬಾಯಿಬಿಟ್ಟರು: "ಇನ್ನೂ ಉಜ್ಜಿದ್ರೆ ಗಾಜು ಸವೆದುಹೋಗುತ್ತೆ. ಅವಳಿಗೆ ಹೇಳಿಬಿಡ್ರಿ."

"ಏನಂತ ಹೇಳಲಿ ಮೇಡಂ?"

"ಗಾಜು ಸವೆಯುತ್ತೆ ಅಂತ. ಮತ್ತೇನು ಹೇಳೋಕೆ ಇದೆ ನಿಮಗೆ?"

ಇತ್ತು. ಆದರೆ ಇನ್ನೊಬ್ಬರನ್ನ ಕಟ್ಕೊಳ್ಳಲ್ಲ ಎಂದವಳಿಗೆ ಅದನ್ನು ಹೇಳುವುದೆಂದರೆ ಅವಳ ಬ್ಯಾಗಿಗೆ ಒಂದು ಕಲ್ಲು ಹಾಕಿದಂತೆ. ಹೇಳಲಿಲ್ಲ. ಅವಳು ಹೊರಟ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಗಾಳಿಯ ನಕ್ಷೆಗಳ ಒಂದು ಕಂತೆ ಕೊಟ್ಟ. ಅವಳು ಕಂತೆಯನ್ನು ನೋಡಿದಳು, ಅವನನ್ನು ನೋಡಿದಳು, "ಇಷ್ಟೇನಾ?" ಎಂದಳು. "ಇಷ್ಟೇ," ಎಂದ. ರೈಲು ಹೋಯಿತು.

*

ಒಂದು ತಿಂಗಳು ಅವಳು ಆ ದೊಡ್ಡ ಬೆಟ್ಟದ ಮೇಲೆ ಏರಿ ಇಳಿದು, ಏರಿ ಇಳಿದು, ತೆಳುಗಾಳಿಗೆ ಮೈಯನ್ನು ಪಳಗಿಸಿದಳು. ದಿನಕ್ಕೆ ಎರಡು ಸಲ ಅವನು ಅಂಕಿ ಕಳಿಸುತ್ತಿದ್ದ. ದಿನಾ ಸಂಜೆ ನಾಲ್ಕಕ್ಕೆ ಅವಳ ಅಮ್ಮ ಆಫೀಸಿಗೆ ಬರುತ್ತಿದ್ದರು. ಶಾಲೆಯ ಯೂನಿಫಾರ್ಮ್ ಹೊಲಿಯುವವರು. ಕೊರಳಲ್ಲಿ ಅಳತೆಯ ಟೇಪು ಮರೆತು ಹಾಗೇ ಬಂದುಬಿಡುತ್ತಿದ್ದರು.

"ಏನಂತಪ್ಪ ನಮ್ಮ ಹುಡುಗಿ?"

"ಚೆನ್ನಾಗಿದ್ದಾರಮ್ಮ. ಆರು ಸಾವಿರದ ನಾನೂರಲ್ಲಿ ಇದ್ದಾರೆ."

"ಊಟ?"

"ಅದು ಮೆಸೇಜಲ್ಲಿ ಬರೆದಿಲ್ಲ."

"ಬೇಕಾಗಿದ್ದು ಒಂದೂ ಬರೆಯಲ್ಲ ಇವಳು," ಎನ್ನುತ್ತಾ ಬಂದ ದಾರಿಯಲ್ಲೇ ಹೋಗುತ್ತಿದ್ದರು.

ಕಡೆಗೆ ಆ ಮಧ್ಯಾಹ್ನ ಬಂತು. ಅವಳು ಕೊನೆಯ ಟೆಂಟಿನಲ್ಲಿದ್ದಳು, ಏಳು ಸಾವಿರದ ಐನೂರು ಮೀಟರಿನಲ್ಲಿ. ಬಂದದ್ದು ಒಂದೇ ಮಾತು: "ನಾಳೆ?"

ಅವನ ಮುಂದೆ ಕಂಪ್ಯೂಟರ್ ಸ್ಪಷ್ಟವಾಗಿ ಹೇಳುತ್ತಿತ್ತು. ಶಿಖರದಲ್ಲಿ ಗಾಳಿ ಗಂಟೆಗೆ ಮೂವತ್ತೈದು ಕಿಲೋಮೀಟರ್, ಮಧ್ಯಾಹ್ನ ಹನ್ನೆರಡರ ತನಕ. ಆಮೇಲೆ ಎಂಬತ್ತು. ಎಂದರೆ ದಾರಿ ಇದೆ, ಕಿರಿದಾದ ದಾರಿ. ಬೇಗ ಹೋಗಿ ಬೇಗ ತಿರುಗಿದವರು ಬದುಕುತ್ತಾರೆ. ಒಂದು ಗಂಟೆ ತಡವಾದವರನ್ನು ಎಂಬತ್ತರ ಗಾಳಿ ಕಸದ ಹಾಗೆ ಗುಡಿಸಿ ಹಾಕುತ್ತದೆ.

ಅವನು ಮೂರು ಎಂದು ಒತ್ತಲು ಹೋದ. ಸುಲಿದ ಮೂಗು ಕಣ್ಣ ಮುಂದೆ ಬಂತು. ಬೆರಳು ಏಳನ್ನು ಒತ್ತಿತು. ಆಮೇಲೆ ಸೊನ್ನೆಯನ್ನು. "ನಾಳೆ 70. ಇಡೀ ದಿನ." ಕಳಿಸಿಬಿಟ್ಟ.

ಮೂರು ನಿಮಿಷಕ್ಕೆ ಉತ್ತರ: "ಸರಿ. ಟೆಂಟ್ ಮಡಚ್ತೀನಿ."

ಅಷ್ಟೇ. ಯಾಕೆ ಇಲ್ಲ, ನಿಜವಾ ಇಲ್ಲ, ಇನ್ನೊಂದು ಸಲ ನೋಡು ಇಲ್ಲ. ಮೂರು ವರ್ಷದ ಆಸೆಯನ್ನು ಅವನ ಒಂದು ಅಂಕಿಯ ಮೇಲೆ ಮಡಚಿಟ್ಟು ಹೊರಟಿದ್ದಳು. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅರ್ಧ ಗಂಟೆ ಅವನು ಆ ಉತ್ತರವನ್ನೇ ಮತ್ತೆ ಮತ್ತೆ ಓದಿದ.

"ಮೂವತ್ತೈದು ಅಂತ ಇದೆಯಲ್ಲ," ಹಿಂದಿನಿಂದ ಮೇಡಂ ಬಗ್ಗಿ ನೋಡುತ್ತಿದ್ದರು. "ಎಪ್ಪತ್ತು ಎಲ್ಲಿಂದ ತಂದ್ರಿ?"

"ನಾನೇ... ಸ್ವಲ್ಪ ಸೇರಿಸಿದೆ."

"ಸೇರಿಸೋಕೆ ಗಾಳಿ ಏನು ನಿಮ್ಮಪ್ಪನ ಮನೆ ಆಸ್ತಿನಾ?" ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. "ಮೂವತ್ತು ವರ್ಷದಲ್ಲಿ ನಾನು ತಪ್ಪು ಹೇಳಿದ್ದೀನಿ ಮೋಡಪ್ಪ, ನೂರು ಸಲ. ಸುಳ್ಳು ಹೇಳಿಲ್ಲ. ಆ ಹುಡುಗಿ ಮೇಲೆ ಪ್ರಾಣ ಇದ್ರೆ ಪ್ರಾಣ ಇದೆ ಅಂತ ಹೇಳಿ. ಗಾಳಿ ಹೆಸರಲ್ಲಿ ಹೇಳ್ಬೇಡಿ."

ಅವನು ಬರೆದ: "ಸುಳ್ಳು ಹೇಳಿದೆ. 35, ನಾಳೆ 12ರ ತನಕ. ಆಮೇಲೆ 80. ನೀನು ಕೆಳಗೆ ಬರಲಿ ಅಂತ 70 ಬರೆದೆ."

ಕಳಿಸಿದ. ಅವಳು ದಾರಿಯಲ್ಲಿದ್ದರೆ ಡಬ್ಬಿ ಬ್ಯಾಗಿನೊಳಗಿರುತ್ತದೆ. ಇಪ್ಪತ್ತೆರಡು ನಿಮಿಷ ಕಳೆಯಿತು. ಆಮೇಲೆ ಒಂದೇ ಪದ: "ಯಾಕೆ."

ಅವನು ಬರೆಯತೊಡಗಿದ. ತಾರಸಿಯಿಂದ ಶುರುಮಾಡಿ ಕ್ಯಾಂಟೀನು, ಕಿಟಕಿ, ಮಳೆ, ಸ್ಟೇಷನ್ನು ಎಲ್ಲ ಬರೆದ. ಕಂಪ್ಯೂಟರಿನ ಪರದೆ ಕೆಂಪಾಯಿತು. ಆರುನೂರ ಹನ್ನೆರಡು ಅಕ್ಷರ, ನೂರ ಅರವತ್ತು ಮಾತ್ರ ಹೋಗುತ್ತದೆ.

"ಮಳೆ ತೆಗೀರಿ," ಮೇಡಂ ಹೇಳಿದರು. ತೆಗೆದ. "ಸ್ಟೇಷನ್ನೂ ತೆಗೀರಿ." ತೆಗೆದ. "ಈ 'ಹೃದಯದಾಳದಿಂದ' ಅನ್ನೋದು ಹದಿನಾರಕ್ಷರ ತಿಂತಿದೆ. ನಿಮ್ಮ ಹೃದಯ ಅಷ್ಟೇನೂ ಆಳ ಇರಲ್ಲ, ತೆಗೀರಿ."

ಕಡೆಗೆ ಉಳಿದದ್ದನ್ನು ಕಳಿಸಿದ: "ನೀನಿಲ್ಲದಿದ್ರೆ ಗಾಳಿ ಎಷ್ಟು ಅಂತ ನಾನು ಯಾರಿಗೆ ಹೇಳಲಿ."

ಬಹಳ ಹೊತ್ತಾದ ಮೇಲೆ ಉತ್ತರ ಬಂತು: "ಪೆದ್ದ. ವಾಪಸ್ ಏರ್ತಿದೀನಿ. ಒಂದೂವರೆ ಗಂಟೆ ಹಾಳು ಮಾಡಿದೆ. ಹಾಲಲ್ಲ, ಹಾಳು."

*

ಮರುದಿನ ಬೆಳಿಗ್ಗೆ ಆರಕ್ಕೆ ಅವನು ಆಫೀಸಿನಲ್ಲಿದ್ದ. ಅವಳು ನಸುಕಿಗೆ ಮೊದಲೇ ಹೊರಟಿದ್ದಳು. ಆದರೆ ಅಂದುಕೊಂಡ ಹೊತ್ತಿಗಲ್ಲ. ಇಳಿದು ಏರಿದ ಕಾಲುಗಳಿಗೆ ನಿದ್ದೆ ಸಾಲದೆ ಒಂದು ಗಂಟೆ ತಡ. ಮೇಡಂ ಅವನ ಮುಂದೆ ಬ್ರೆಡ್ಡು ಇಟ್ಟರು. ಅದು ಹಾಗೇ ಒಣಗಿತು.

ಹನ್ನೊಂದಕ್ಕೆ ಡಬ್ಬಿ ಮಾತಾಡಿತು: "ತುದಿ ಕಾಣ್ತಿದೆ. 120 ಮೀ. ಗಾಳಿ?"

ಅಷ್ಟು ಎತ್ತರದಲ್ಲಿ ನೂರ ಇಪ್ಪತ್ತು ಮೀಟರ್ ಎಂದರೆ ಇನ್ನೊಂದು ಗಂಟೆ. ಹಿಂದಿನ ದಿನ ಅವನು ಕದ್ದ ಗಂಟೆ. ಅವನ ತುಟಿಯ ತುದಿಯಲ್ಲಿ ಬಾ, ಬಂದುಬಿಡು, ದಮ್ಮಯ್ಯ, ಎಲ್ಲ ಇದ್ದವು. ಕಂಪ್ಯೂಟರಿನಲ್ಲಿ ಇದ್ದದ್ದನ್ನು ಬರೆದ: "35. 12ಕ್ಕೆ 80."

ಉತ್ತರವಿಲ್ಲ.

ಹನ್ನೆರಡಾಯಿತು. ನಕ್ಷೆಯ ಮೇಲೆ ಶಿಖರದ ಸುತ್ತ ಹಸಿರು ಹೋಗಿ ನೇರಳೆ ತುಂಬಿತು. ಒಂದಾಯಿತು, ಎರಡಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ತಾನಾಗಿ ಕಿಟಕಿಯ ಬಳಿ ಹೋಗಿ ನಿಂತ. ಕೆಳಗೆ ನೋಡಿದ. ಭಯವಾಗಲಿಲ್ಲ. ಇದ್ದ ಭಯವೆಲ್ಲ ಬೇರೆ ಕಡೆ ಖರ್ಚಾಗಿತ್ತು. ನಾಲ್ಕಕ್ಕೆ ಅವಳ ಅಮ್ಮ ಬಂದರು. ಅವನ ಮುಖ ನೋಡಿದರು. ಪಕ್ಕದಲ್ಲೊಂದು ಕುರ್ಚಿ ಎಳೆದು ಕೂತರು.

ನಾಲ್ಕು ಹತ್ತಕ್ಕೆ: "ಟೆಂಟಲ್ಲಿದೀನಿ. ಕೈಕಾಲು ಎಲ್ಲ ಇವೆ. ತುದಿ ಮುಟ್ಟಲಿಲ್ಲ. ಗಾಳಿ ಬಂದಿದ್ದು 12.10ಕ್ಕೆ."

ಅವಳ ಅಮ್ಮ ಟೇಪಿನಲ್ಲಿ ಮುಖ ಒರೆಸಿಕೊಂಡರು. ಮೇಡಂ ಮೂಗು ಮುರಿದರು: "ಹತ್ತು ನಿಮಿಷ ಲೇಟು. ಪರವಾಗಿಲ್ಲ." ಅವನು ಮಾತ್ರ ಟೇಬಲ್ಲಿನ ಕೆಳಗೆ ಏನೋ ಬಿತ್ತು ಎಂದು ಬಗ್ಗಿ, ಬಹಳ ಹೊತ್ತು ಮೇಲೇಳಲಿಲ್ಲ.

*

ಹನ್ನೆರಡು ದಿನಕ್ಕೆ ಅವಳು ಬಂದಳು. ಐದು ಕೆಜಿ ಇಳಿದು, ದನಿ ಒಡೆದು, ಈ ಸಲ ಕೆನ್ನೆಯೂ ಸುಲಿದು. ನೇರ ಅವನ ಟೇಬಲ್ಲಿನ ಮುಂದೆ ನಿಂತಳು.

"ನಿನ್ನನ್ನ ಕೆಲಸದಿಂದ ತೆಗೆದಿದ್ದೀನಿ."

ಅವನು ಎದ್ದು ನಿಂತ. "ತೆಗೀಲೇಬೇಕು. ನನ್ನಿಂದ ನಿನ್ನ ಶಿಖರ ಹೋಯ್ತು."

"ಹೋಯ್ತು. ಆ ಗಂಟೆ ಇದ್ದಿದ್ರೆ ತುದಿ ಮೇಲೆ ನಿಂತಿರ್ತಿದ್ದೆ." ಅವಳು ಒಡೆದ ದನಿಯಲ್ಲಿ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. "ಆಮೇಲೆ ಇನ್ನೊಂದು ಮಾತಿದೆ. ಅದನ್ನ ಹೇಳೋಕೆ ನಂಗೆ ಸಿಟ್ಟು ಬರ್ತಿದೆ. ನೂರ ಇಪ್ಪತ್ತು ಮೀಟರ್ ಅಷ್ಟೇ ಉಳಿದಿತ್ತು ಕಣೋ. ಕಣ್ಣೆದುರಿಗೇ ಇತ್ತು. ನಾನು ಮೊದಲಿನ ನಾನೇ ಆಗಿದ್ರೆ ನೀನು ಎಂಬತ್ತು ಅಂದ್ರೂ ಹೋಗ್ಬಿಡ್ತಿದ್ದೆ. ಹೋಗಿ ಅಲ್ಲೇ ಉಳೀತಿದ್ದೆ. ಕಾಲೆತ್ತಿದೆ. ಆಗ ನಿನ್ನ ದರಿದ್ರ ಮೆಸೇಜ್ ನೆನಪಾಯ್ತು. ಈ ಪೆದ್ದ ಇನ್ನು ಯಾರಿಗೆ ಗಾಳಿ ಹೇಳ್ತಾನೆ, ಕ್ರೇನಿನವರಿಗಾ ಅಂತ. ನಗು ಬಂತು. ತಿರುಗಿದೆ."

"ಕಾಲು ತಡವರಿಸ್ತಾ?"

"ಇಲ್ಲ. ಅದೇ ನಂಗೆ ಆಶ್ಚರ್ಯ. ಇಳಿಯೋವಾಗ ಒಂದು ಹೆಜ್ಜೇನೂ ತಪ್ಪಲಿಲ್ಲ."

ಮೂಲೆಯಲ್ಲಿ ಪ್ರಿಂಟರು ಯಾರದೋ ಮೀನುಗಾರಿಕೆಯ ನಕ್ಷೆಯನ್ನು ಕಕ್ಕುತ್ತಿತ್ತು.

"ಆದ್ರೆ ನೀನು ನಂಗೆ ಗಾಳಿ ಹೇಳೋ ಹಾಗಿಲ್ಲ. ನನ್ನ ಮೇಲೆ ಇಷ್ಟು ಪ್ರೀತಿ ಇರೋನ ಅಂಕಿ ನಂಬೋಕಾಗಲ್ಲ." ಅವಳು ಪಕ್ಕದ ಟೇಬಲ್ಲಿನತ್ತ ತಿರುಗಿದಳು. "ಮುಂದಿನ ಸಲಕ್ಕೆ ಮೇಡಂ ಹೇಳ್ತಾರೆ. ಮೇಡಂ, ನಿಮಗೆ ನನ್ನ ಮೇಲೆ ಪ್ರೀತಿ ಗೀತಿ ಏನಾದ್ರೂ ಇದೆಯಾ?"

"ಎಳ್ಳಷ್ಟೂ ಇಲ್ಲ," ಮೇಡಂ ತಲೆಯೆತ್ತಲಿಲ್ಲ. "ನೀವು ಯಾರು ಅಂತಾನೇ ನಂಗೆ ಒಂದೊಂದು ದಿನ ಮರೆತುಹೋಗುತ್ತೆ."

"ನೋಡು, ಇಂಥೋರು ಬೇಕು."

"ಹಾಗಾದ್ರೆ ನಾನು?" ಅವನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

ಅವಳು ಹತ್ತಿರ ಬಂದಳು. ಗಾಜಿಲ್ಲದೆ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಅವನ ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ತೆಗೆದಳು, ನೋಡಿದಳು, ಮತ್ತೆ ಅಲ್ಲೇ ಇಟ್ಟಳು. ಆದರೆ ಬೆರಳು ಜೇಬಿನ ಅಂಚಿನಲ್ಲೇ ಉಳಿಯಿತು.

"ನಿಂಗೆ ಬೇರೆ ಕೆಲಸ ಇದೆ. ಸಂಬಳ ಇಲ್ಲ, ರಜೆ ಇಲ್ಲ. ಕಾಯೋದು. ಮಾಡ್ತೀಯಾ?"

"ಎಷ್ಟು ದಿನ?"

"ಮೊದಲು ಮಾಡ್ತೀಯಾ ಹೇಳು. ಒಂದೊಂದೇ ಪ್ರಶ್ನೆ."

"ಮಾಡ್ತೀನಿ," ಎಂದ. ಎರಡರ್ಥಕ್ಕೆ ಎಡೆಯಿಲ್ಲದ ಹಾಗೆ ಇನ್ನೊಂದು ಸಲ ಹೇಳಿದ: "ಮಾಡ್ತೀನಿ ಕಣೇ."

ಮೇಡಂ ಎದ್ದು ಪ್ರಿಂಟರಿನ ಬಳಿ ಹೋದರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.

*

ಮುಂದಿನ ವರ್ಷ ಅವಳು ಅದೇ ಶಿಖರದ ತುದಿಗೆ ಹೊರಟ ದಿನ ಮೇಡಂ ಅವನನ್ನು ಆಫೀಸಿನಿಂದ ಆಚೆ ಹಾಕಿದರು. "ಇವತ್ತು ನೀವು ಈ ಕಂಪ್ಯೂಟರ್ ನೋಡಿದ್ರೆ ನಾನು ಕರೆಂಟ್ ತೆಗೀತೀನಿ. ಮನೆಗೆ ಹೋಗಿ."

ಅವನು ಅವಳ ಅಮ್ಮನ ಮನೆಗೆ ಹೋದ. ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೀಲಿ ಯೂನಿಫಾರ್ಮುಗಳ ರಾಶಿ. ಗಾಳಿ ಎಷ್ಟಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳೆಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಜಗತ್ತಿನ ಉಳಿದೆಲ್ಲರ ಹಾಗೆ ಅವನೂ ಏನೂ ಗೊತ್ತಿಲ್ಲದೆ ಒಂದು ಸ್ಟೂಲಿನ ಮೇಲೆ ಕೂತ. ಕೂತಲ್ಲಿಂದ ಎದ್ದ. ಮತ್ತೆ ಕೂತ.

ಅವಳ ಅಮ್ಮ ಯಂತ್ರದ ಚಕ್ರ ನಿಲ್ಲಿಸಿದರು.

"ಹಾಗೆ ಸುಮ್ಮನೆ ಕಾದ್ರೆ ಸತ್ತುಹೋಗ್ತೀಯ ಅಳಿಯಾ. ಬೈಯೋಕೆ ಬರುತ್ತಾ ನಿಂಗೆ?"

"ಬೈಯೋಕಾ? ಯಾರನ್ನ?"

"ಇನ್ಯಾರನ್ನ, ಅವಳನ್ನೇ. ಹದಿನಾಲ್ಕು ವರ್ಷದಿಂದ ನಾನು ಹೆಂಗೆ ಕಾದೆ ಅಂದ್ಕೊಂಡೆ? ಬೈಕೊಂಡೇ ಕಾದೆ. ಬಾಯಲ್ಲಿ ಬೈಗುಳ ಇರೋ ತನಕ ಅಳು ಒಳಗೆ ಬರಲ್ಲ." ಅವರು ಅವನ ಮಡಿಲಿಗೆ ಒಂದು ಅಂಗಿ, ಸೂಜಿ, ನಾಲ್ಕು ಗುಂಡಿ ಹಾಕಿದರು. "ಗುಂಡಿ ಹಚ್ಚು, ನನ್ನ ಹಿಂದೆ ಹೇಳು. ಕತ್ತೆ."

"ಕತ್ತೆ," ಅವನು ಪಿಸುಗುಟ್ಟಿದ.

"ಹೇಳಿದ ಮಾತು ಕೇಳದ ಕತ್ತೆ."

"ಹೇಳಿದ ಮಾತು ಕೇಳದ ಕತ್ತೆ."

"ಮನೇಲಿ ಇಂಥ ಗಂಡನ್ನ ಕೂರಿಸಿ ಹಿಮ ತುಳಿಯೋಕೆ ಹೋದ ಕತ್ತೆ!"

ಸೂಜಿ ಬೆರಳಿಗೆ ಚುಚ್ಚಿತು. ಆದರೂ ಹೇಳಿದ, ಈ ಸಲ ಸ್ವಲ್ಪ ಗಟ್ಟಿಯಾಗಿ.

"ಇದೆಂಥ ದನಿ? ಪಕ್ಕದ ಮನೆಗೂ ಕೇಳಲ್ಲ," ಅವಳ ಅಮ್ಮ ಮತ್ತೆ ಚಕ್ರ ತಿರುಗಿಸುತ್ತಾ ಗದರಿದರು. "ಜೋರಾಗಿ ಬೈಯಪ್ಪ. ಎಂಟು ಸಾವಿರ ಮೀಟರ್ ಮೇಲಿದ್ದಾಳೆ ನಿನ್ನ ಹೆಂಡತಿ."